ಏಲಂಗೆ ಬಂದ ಕಡಸು

ಮಿಷನ್ ಭಾನುವಾರದ ಪೂಜೆ ಮುಗಿದ ಮೇಲೆ ನಮ್ಮ ಕಡೆಯ ಚರ್ಚುಗಳ ಅಂಗಳದಲ್ಲಿ ಏಲಂ ನಡೆಯುತ್ತದೆ. ದೂರದ ಊರುಗಳ ಮಿಷನ್ ಕೆಲಸಕ್ಕೆ ಹಣ ಕೂಡಿಸಲು ಜನ ತಾವು ಬೆಳೆದದ್ದನ್ನು, ಸಾಕಿದ್ದನ್ನು ತಂದು ಇಡುತ್ತಾರೆ. ಒಬ್ಬರು ಮೆಟ್ಟಿಲ ಮೇಲೆ ನಿಂತು ಕೂಗುತ್ತಾರೆ, ಉಳಿದವರು ಸವಾಲು ಹಾಕುತ್ತಾರೆ. ನೇಂದ್ರ ಬಾಳೆಗೊನೆ, ಮರಗೆಣಸು, ಜೇನು, ಕಾಲು ಕಟ್ಟಿದ ಹುಂಜ. ಕಡಬ, ನೆಲ್ಯಾಡಿ ಸುತ್ತಮುತ್ತಲ ನಮ್ಮ ಜನ, ಅಂದರೆ ಅಜ್ಜಂದಿರ ಕಾಲದಲ್ಲಿ ಕೇರಳದಿಂದ ಬಂದು ಗುಡ್ಡದಲ್ಲಿ ರಬ್ಬರ್ ನೆಟ್ಟು ನೆಲೆನಿಂತವರು, ವರ್ಷವಿಡೀ ಮುಖ ಬಿಗಿದುಕೊಂಡೇ ದುಡಿಯುವವರು. ಆ ದಿನ ಮಾತ್ರ ಒಂದು ಮೊಟ್ಟೆಗೆ ಕೋಳಿಯ ಬೆಲೆ ಕೂಗಿ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಾರೆ.

ನಗುತ್ತಿದ್ದರೂ ಕಣ್ಣು ಕೆಲಸ ಮಾಡುತ್ತಿರುತ್ತದೆ. ಗೊನೆ, ಗೆಣಸು ಎಲ್ಲ ವಾಡಿಕೆಯ ಕಾಣಿಕೆ. ಅದಕ್ಕಿಂತ ದೊಡ್ಡದು ಬಂತೆಂದರೆ ಆ ಮನೆಯಲ್ಲಿ ಏನೋ ಆಗಿದೆ. ಆಡು ಬಂದರೆ ಯಾರೋ ಆಪರೇಷನ್ ಆಗಿ ಬದುಕಿ ಬಂದಿದ್ದಾರೆ. ಹೊಸ ಬಾವಿಯ ನೀರು ಕಂಡವರು, ಕುಡಿತ ಬಿಟ್ಟ ಗಂಡನನ್ನು ಪಡೆದವರು, ಎಲ್ಲರ ಕಾಣಿಕೆಗೂ ಅದರದರ ತೂಕ ಉಂಟು. ಬಾಯಿಬಿಟ್ಟು ಕೇಳುವ ಅಗತ್ಯವೇ ಇಲ್ಲ. ಮನೆಗೆ ಹೋಗುವ ದಾರಿಯಲ್ಲಿ ಹೆಂಗಸರು ಮಾತಾಡಿಕೊಂಡು ವಿಷಯ ಪೂರ್ತಿ ಮಾಡಿರುತ್ತಾರೆ. ಈ ವಿದ್ಯೆ ನನಗೂ ಚಿಕ್ಕಂದಿನಿಂದ ಬರುತ್ತದೆ.

ನಾನು ಆ ಗುಡ್ಡದಲ್ಲೇ ಹುಟ್ಟಿದವಳು. ಹತ್ತನೇ ತರಗತಿ ಮುಗಿಸಿ ಕಾನ್ವೆಂಟ್ ಸೇರಿ ಸಿಸ್ಟರ್ ಆದೆ. ಈಗ ಪುತ್ತೂರಿನಿಂದ ಕಬಕದ ಕಡೆ ಹೋಗುವ ರಸ್ತೆಯ ಒಳಗೊಂದು ಮನೆಯಲ್ಲಿ ನಾವು ಕೆಲವರು ಇದ್ದೇವೆ. ನಮ್ಮ ಸಭೆಯ ಸಿಸ್ಟರ್‌ಗಳು ಸಮುದ್ರದಾಚೆಯ ಒಂದು ನಗರದಲ್ಲೂ ಮನೆ ನಡೆಸುತ್ತಾರೆ. ಕೆಲಸ ಕೊಡಿಸುತ್ತೇವೆಂದು ನಂಬಿಸಿ ಕರೆದೊಯ್ದು, ಪಾಸ್‌ಪೋರ್ಟ್ ಕಿತ್ತುಕೊಂಡು, ಯಾರೋ ಮೈಮಾರುವ ದಂಧೆಗೆ ಮಾರಿಬಿಟ್ಟ ಹೆಂಗಸರು ಹೇಗಾದರೂ ತಪ್ಪಿಸಿಕೊಂಡು ಬಂದರೆ ಅವರಿಗೆ ಅಲ್ಲಿ ಜಾಗ. ಕಾಗದಪತ್ರ ಸರಿಮಾಡಿ ಊರಿಗೆ ಕಳುಹಿಸುವುದು ಅವರ ಕೆಲಸ. ಈ ಕಡೆಯವರು ಯಾರಾದರೂ ಇದ್ದರೆ ಮಂಗಳೂರಿನ ವಿಮಾನ ನಿಲ್ದಾಣದಲ್ಲಿ ನಿಂತು ಬರಮಾಡಿಕೊಳ್ಳುವುದು ನನ್ನ ಕೆಲಸ.

ನಮ್ಮ ಮನೆ ನೋಡಲು ಬರುವ ದಾನಿಗಳಿಗೆ ನನ್ನನ್ನು ಕಂಡರೆ ಆಗುವುದಿಲ್ಲ. "ಎಷ್ಟು ಜನರನ್ನು ರಕ್ಷಿಸಿದಿರಿ ಸಿಸ್ಟರ್?" ಎಂದು ಕೇಳುತ್ತಾರೆ. ನಾವು ಯಾರನ್ನೂ ರಕ್ಷಿಸಲಿಲ್ಲ, ಅವರೇ ಓಡಿ ಬಂದರು, ನಾವು ಬಾಗಿಲು ತೆಗೆದು ಗಂಜಿ ಹಾಕಿದೆವು ಅನ್ನುತ್ತೇನೆ. ಅವರಿಗೆ ಬೇಕಾದದ್ದು ಕಣ್ಣೀರಿನ ಕಥೆ, ಸಾಧ್ಯವಾದರೆ ಹುಡುಗಿಯರ ಜೊತೆ ಒಂದು ಫೋಟೊ. "ನಿಮ್ಮ ಮಗಳದ್ದಾದರೆ ತೆಗೆಯಲು ಬಿಡ್ತೀರಾ?" ಎಂದು ಒಬ್ಬರಿಗೆ ಕೇಳಿಬಿಟ್ಟೆ. ಆಮೇಲೆ ನಮ್ಮ ಮದರ್ ನನ್ನನ್ನು ಒಳಗೆ ಕರೆದು ಚೆನ್ನಾಗಿ ಉಗಿದರು. ಕಾನ್ವೆಂಟಿನಲ್ಲಿ ನನಗೆ ಗಾಂಧಾರಿ ಮೆಣಸು ಎಂದು ಅಡ್ಡಹೆಸರು. ಅದು ಮಾತ್ರ ಇಲ್ಲಿ ಬರೆಯಬಹುದಾದ ಹೆಸರು.

ನಾನು ಹೇಳಹೊರಟ ಹುಡುಗಿಯನ್ನು ಹುಡುಗಿ ಎಂದೇ ಕರೆಯುತ್ತೇನೆ, ಮದುವೆ ವಯಸ್ಸು ಅವಳಿಗೆ ದಾಟಿದ್ದರೂ. ನನ್ನದೇ ಗುಡ್ಡದ ಕಡೆಯವಳು. ಅಪ್ಪ ಇಲ್ಲ, ಒಡಹುಟ್ಟಿದವರಿಲ್ಲ. ಸ್ವಲ್ಪ ರಬ್ಬರ್, ಒಂದು ಹಟ್ಟಿ, ಅಮ್ಮ. ಪಾರ್ಲರ್ ಕೆಲಸ ಉಂಟೆಂದು ಒಬ್ಬ ಏಜೆಂಟ್ ಹೇಳಿದ್ದ. "ಒಳ್ಳೆ ಕೆಲಸ ಅಮ್ಮಚ್ಚಿ, ಬೇಗ ಬರ್ತೇನೆ" ಎಂದು ಅಮ್ಮನಿಗೆ ಹೇಳಿ ಹೋದವಳು. ಸ್ವಲ್ಪ ದಿನದಲ್ಲೇ ಫೋನ್ ನಿಂತಿತು. ಅಮ್ಮ ಪ್ರತಿದಿನ ಚರ್ಚಿಗೆ ಹೋಗಿ ಮಂಡಿಯೂರಿ ಕೂರುತ್ತಿದ್ದರು. ಊರಿನವರಿಗೆ ಮಾತ್ರ "ಅವಳಿಗೆ ಅಲ್ಲಿ ಪುರುಸೊತ್ತಿಲ್ಲ" ಎನ್ನುತ್ತಿದ್ದರು.

ಅವಳು ತಪ್ಪಿಸಿಕೊಂಡು ಅಲ್ಲಿಯ ನಮ್ಮ ಮನೆ ಸೇರಿದ ಸುದ್ದಿ ಬಂದ ಮೇಲೆ, ಅಮ್ಮನನ್ನು ಕಾನ್ವೆಂಟಿನ ಜೀಪಿನಲ್ಲಿ ಕರೆದುಕೊಂಡು ನಾನು ನಿಲ್ದಾಣಕ್ಕೆ ಹೋದೆ. ವಿಮಾನದಿಂದ ಇಳಿದು ಬಂದಾಗ ಅವಳ ಕೈಯಲ್ಲಿ ಒಂದು ಬಟ್ಟೆಚೀಲ ಇತ್ತು. ಅಲ್ಲಿಯ ಸಿಸ್ಟರ್‌ಗಳು ಕೊಟ್ಟ ಸ್ವೆಟರನ್ನು ನಮ್ಮ ಸೆಖೆಯಲ್ಲೂ ಹಾಕಿಕೊಂಡಿದ್ದಳು. ಅಮ್ಮನನ್ನು ಕಂಡು ಅಳಲಿಲ್ಲ. ಅಮ್ಮನೂ ಅಳಲಿಲ್ಲ, ಮಗಳ ಸ್ವೆಟರಿನ ಗುಂಡಿಯನ್ನು ಒಂದೊಂದಾಗಿ ಬಿಚ್ಚಿ, "ಬೆವರ್ತಾ ಇದ್ದಿ" ಅಂದರು, ಅಷ್ಟೆ. ನಾನು ಚಾಲಕನಿಗೆ ಸುಮ್ಮನೆ ಬೈಯಲು ಶುರುಮಾಡಿದೆ. ಅಳು ಬಂದಾಗ ನಾನು ಮಾಡುವುದು ಅದನ್ನೇ.

ಕೆಲವು ತಿಂಗಳು ನಮ್ಮಲ್ಲೇ ಇದ್ದಳು. ಡಾಕ್ಟರ್, ಮಾತ್ರೆ, ಮಾತಾಡಿಸುವವರು, ಎಲ್ಲ ಆಯಿತು. ಏನು ನಡೆಯಿತೆಂದು ನಾವಾಗಿ ಕೇಳುವುದಿಲ್ಲ, ಅದು ನಮ್ಮ ಮನೆಯ ಕ್ರಮ. ಹೊಲಿಗೆ ಕಲಿಸಲು ನೋಡಿದೆ. ಹಿಂದಿನಿಂದ ಯಾರಾದರೂ ನಡೆದುಹೋದರೆ ಅವಳ ಕಾಲು ಪೆಡಲಿನ ಮೇಲೆ ಹಾಗೇ ನಿಂತುಬಿಡುತ್ತಿತ್ತು. ಒಂದು ದಿನ ತಾನಾಗಿ ಬಂದು, "ನಾನು ಮನೆಗೆ ಹೋಗ್ತೇನೆ ಸಿಸ್ಟರ್. ಟ್ಯಾಪಿಂಗ್ ಮಾಡ್ತೇನೆ" ಅಂದಳು.

ರಬ್ಬರ್ ಮರಕ್ಕೆ ಕತ್ತಿ ಹಾಕುವುದು ಬೆಳಕು ಹರಿಯುವ ಮೊದಲು, ಹಾಲು ಚೆನ್ನಾಗಿ ಇಳಿಯುವುದು ಆಗ. ತಲೆಗೆ ಟಾರ್ಚು ಕಟ್ಟಿಕೊಂಡು ಮರದಿಂದ ಮರಕ್ಕೆ ಒಬ್ಬಳೇ ಹೋಗಬೇಕು. "ಹೆದರಿಕೆ ಆಗುದಿಲ್ವಾ?" ಎಂದು ಕೇಳಿದೆ. "ಅಲ್ಲಿ ಯಾರೂ ಇರುದಿಲ್ಲ ಅಲ್ವಾ ಸಿಸ್ಟರ್" ಅಂದಳು. ಆಮೇಲೆ ಒಂದೇ ಒಂದು ಮಾತು ಕೇಳಿದಳು. ಊರಲ್ಲಿ ಯಾರಿಗೂ ಗೊತ್ತಾಗಬಾರದು. ಗೊತ್ತಾದರೆ ತಾನು ಅಲ್ಲಿ ಇರುವುದಿಲ್ಲ. ಕಂಪೆನಿ ಮುಚ್ಚಿತು, ವೀಸಾ ಹೋಯಿತು, ವಾಪಸು ಬಂದಳು, ಇದು ನಾವು ಮೂವರು ಕೂತು ಮಾಡಿದ ಕಥೆ. ಅಮ್ಮ ಶಿಲುಬೆ ಮುಟ್ಟಿ ಒಪ್ಪಿಕೊಂಡರು. ಆ ಅಮ್ಮನನ್ನು ನಾನು ಚೇಚಿ, ಅಂದರೆ ಅಕ್ಕ, ಎಂದು ಕರೆಯುತ್ತೇನೆ. ನಾವು ಮಾತಾಡುವುದು ಮಲಯಾಳದಲ್ಲಿ. ಬರೆಯುವಾಗ ಇಲ್ಲಿಯ ಕನ್ನಡವೇ ನನಗೆ ಸರಿಯಾಗಿ ಕೇಳಿಸುತ್ತದೆ.

ಜನ ಮೊದಮೊದಲು ಕೆದಕಿದರು. ವಿದೇಶದಿಂದ ಬಂದವಳು ಒಂದು ಸೋಪು, ಒಂದು ಚಾಕಲೇಟು ತರಲಿಲ್ಲವಲ್ಲ ಎಂದು ಮುಖ ಸಿಂಡರಿಸಿದರು. ಕಂಪೆನಿ ಮುಚ್ಚಿದರೆ ಯಾರೂ ಚಾಕಲೇಟು ಕೊಡುವುದಿಲ್ಲ ಎಂದು ನಾನು ಬಾಯಿ ಮುಚ್ಚಿಸಿದೆ. ಮಳೆಗಾಲ ಬಂತು, ಹಾಲಿಗೆ ಮಳೆನೀರು ಸೇರದಂತೆ ಮರಗಳಿಗೆ ಪ್ಲಾಸ್ಟಿಕ್ ಕಟ್ಟುವ ಗಡಿಬಿಡಿಯಲ್ಲಿ ಅವಳ ವಿಷಯ ಹಳತಾಯಿತು. ಆ ವರ್ಷ ಅವರ ಹಟ್ಟಿಯಲ್ಲಿ ಒಂದು ಕಡಸು ಬೆಳೆಯುತ್ತಿತ್ತು. ಬೆಳ್ಳಾರೆ ಕಡೆಯ ಒಬ್ಬರಿಂದ ಸಣ್ಣ ಕರುವಾಗಿ ತಂದದ್ದು, ಕಂದು ಬಣ್ಣ, ಹಣೆಯಲ್ಲಿ ಬಿಳಿ. ಇದು ಕರು ಹಾಕಿದರೆ ಡೈರಿಗೆ ಹಾಲು ಕೊಡಬಹುದು ಎಂಬುದು ಅಮ್ಮನ ಆಸೆ. ಹುಡುಗಿ ಮನುಷ್ಯರ ಹತ್ತಿರ ಮಾತಾಡುವುದಕ್ಕಿಂತ ಹೆಚ್ಚು ಅದರ ಹತ್ತಿರವೇ ಮಾತಾಡುತ್ತಿದ್ದಳು.

ಒಂದು ಬೆಳಿಗ್ಗೆ ಅವಳ ಫೋನ್ ಬಂತು. ದನಿ ಎಷ್ಟು ಜೋರಾಗಿತ್ತೆಂದರೆ ನಾನು ಗಾಬರಿಯಾದೆ.

"ಸಿಸ್ಟರ್, ಇವತ್ತು ನಂಗೆ ಬೈದ್ರು!"

"ಯಾರು? ಎಂತ ಆಯ್ತು?"

ಪಕ್ಕದ ತೋಟದ ಗೌಡರು. ಅರೆಭಾಷೆ ಮಾತಾಡುವ ಮುದುಕರು, ಬಾಯಿ ದೊಡ್ಡದು. ಕಡಸು ಹಗ್ಗ ಹರಿದುಕೊಂಡು ಅವರ ಬಸಳೆ ಚಪ್ಪರ ತಿಂದಿತ್ತು. ಬೇಲಿಯ ಆ ಕಡೆ ನಿಂತು ಅವಳ ಏಳು ತಲೆಮಾರನ್ನೂ ಜಾಲಾಡಿದರಂತೆ. "ಕಣ್ಣು ಎಲ್ಲಿ ಇಟ್ಟಿದ್ದೆ, ಫಾರಿನ್‌ಗೆ ಹೋಗಿ ಬಂದು ದನ ಕಟ್ಲಿಕ್ಕೆ ಮರ್ತುಹೋಯ್ತಾ ಅಂತ ಕೇಳಿದ್ರು ಸಿಸ್ಟರ್" ಎಂದು ಹೇಳಿ ನಕ್ಕಳು. ಅವಳು ನಕ್ಕದ್ದನ್ನು ನಾನು ಮೊದಲ ಸಲ ಕೇಳಿದ್ದು ಆವತ್ತು. ಎಲ್ಲರಿಗೆ ಬೈಯುವ ಹಾಗೆ ತನಗೂ ಬೈದರು ಎಂಬುದು ಅವಳ ಸಂತೋಷ. ಫೋನ್ ಇಟ್ಟ ಮೇಲೆ ನಾನು ಚಾಪೆಲಿಗೆ ಹೋಗಿ ಸುಮ್ಮನೆ ಕೂತೆ. ಅಂಥ ಪ್ರಾರ್ಥನೆ ನನಗೆ ಅಪರೂಪ.

ಆ ವರ್ಷದ ಮಿಷನ್ ಭಾನುವಾರಕ್ಕೆ ಆ ಚರ್ಚಿನ ಫಾದರ್ ನನ್ನನ್ನು ಮಾತಾಡಲು ಕರೆದರು. ಏಲಂ ಹಣದಲ್ಲಿ ಒಂದು ಪಾಲು ನಮ್ಮ ಸಿಸ್ಟರ್‌ಗಳ ವಿದೇಶದ ಮನೆಗೆ ಕೊಡಬೇಕೆಂದು ಅವರ ಮನಸ್ಸು. ನಾನು ಬರುವುದಿಲ್ಲ ಅಂದೆ. ಮದರ್ ಹೋಗಲೇಬೇಕು ಅಂದರು. ಹೋಗುವ ಮೊದಲು ಹುಡುಗಿಯನ್ನು ಕೇಳಿದೆ. "ಹೇಳಿ ಸಿಸ್ಟರ್, ಅಲ್ಲಿ ಇರುವವರಿಗೆ ಹಣ ಬೇಕು. ನನ್ನ ವಿಷಯ ಬಿಟ್ಟು ಹೇಳಿ" ಅಂದಳು.

ಹಾಗೆಯೇ ಹೇಳಿದೆ. ಬೇರೆ ಬೇರೆ ದೇಶದ ಹೆಂಗಸರು ಅಂದೆ, ಆಫ್ರಿಕ ಅಂದೆ, ನೇಪಾಳ ಅಂದೆ. ನಮ್ಮ ರಾಜ್ಯದ ಹೆಸರನ್ನೂ ಎತ್ತಲಿಲ್ಲ. ಮುಂದಿನ ಸಾಲಿನ ಹೆಂಗಸರು ಕಣ್ಣೊರೆಸಿಕೊಂಡರು. ದೂರದವರ ಕಷ್ಟಕ್ಕೆ ನಮ್ಮವರ ಕಣ್ಣಲ್ಲಿ ನೀರಿಗೆ ಬರವಿಲ್ಲ. ಹುಡುಗಿ ಹಿಂದೆ ಕಂಬದ ಹತ್ತಿರ ನಿಂತಿದ್ದಳು, ಮುಖದಲ್ಲಿ ಏನೂ ಇರಲಿಲ್ಲ. ಗೆದ್ದೆ ಅಂದುಕೊಂಡೆ.

ಹೊರಗೆ ಏಲಂ ಶುರುವಾಯಿತು. ಕೂಗುವವರು ನಮ್ಮ ಕಡೆಯ ದೊಡ್ಡ ತಮಾಷೆಗಾರ. ಒಂದು ಕುಂಬಳಕಾಯಿಯನ್ನು ಫಾದರ್ ಅವರ ಹೊಟ್ಟೆಗೆ ಹೋಲಿಸಿ ಎರಡರಷ್ಟು ಬೆಲೆ ಎಬ್ಬಿಸಿದ್ದರು. ಹುಡುಗಿ ಇತರ ಹೆಂಗಸರ ಜೊತೆ ಚಹಾ ಹಂಚುತ್ತಿದ್ದಳು. "ಸಕ್ಕರೆ ಇಲ್ವಾ ಇದಕ್ಕೆ?" ಎಂದು ಯಾರೋ ರೇಗಿಸುತ್ತಿದ್ದರು, ಅವಳು ಮುಖ ತಗ್ಗಿಸಿ ನಗುತ್ತಿದ್ದಳು. ಆಗ ಚರ್ಚಿನ ಹಿಂದಿನ ದಾರಿಯಿಂದ ಚೇಚಿ ಬಂದರು. ಕೈಯಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಕಡಸು. ಮೈ ತೊಳೆದು, ಕೊಂಬಿನ ಮೊಳಕೆಗೆ ಎಣ್ಣೆ ಹಚ್ಚಿದ್ದರು. ಯಾರಿಗೂ ಹೇಳಿರಲಿಲ್ಲ, ನನಗೂ ಇಲ್ಲ, ಮಗಳಿಗೂ ಇಲ್ಲ.

ಪ್ರತಿ ವರ್ಷ ಒಂದು ಕಟ್ಟು ಬಾಳೆಎಲೆ ತರುವ ಹೆಂಗಸು.

"ಎಂತ ಚೇಚಿ, ಹಟ್ಟಿಯೇ ಖಾಲಿ ಮಾಡಿದ್ರಾ?" ಎಂದು ಕೂಗುವವರು ನಗಾಡಿದರು. "ಎಂತ ಹರಕೆ ಇದು ಮಾರಾಯ್ರೆ, ನಮಗೂ ಹೇಳಿ!"

ಒಂದು ಸುಳ್ಳು ಸಾಕಿತ್ತು. ಗಂಡನ ನೆನಪಿಗೆ ಅಂದರೆ ಮುಗಿಯುತ್ತಿತ್ತು. ಆದರೆ ಚೇಚಿ ಆಗಷ್ಟೆ ಪೂಜೆಯಲ್ಲಿ ಪರಮಪ್ರಸಾದ ತೆಗೆದುಕೊಂಡು ಬಂದವರು, ಚರ್ಚಿನ ಮೆಟ್ಟಿಲ ಮುಂದೆ ನಿಂತವರು. ಕಾಣಿಕೆ ಕೊಡುತ್ತ ಸುಳ್ಳು ಹೇಳುವುದು ಅವರಿಗೆ ಗೊತ್ತಿರಲಿಲ್ಲ.

"ಸಿಸ್ಟರ್ ಹೇಳಿದ್ರಲ್ಲ, ಆ ಮನೆಗೆ" ಅಂದರು. "ಇದರದ್ದು ಬೇರೆ ಯಾವುದಕ್ಕೂ ಬೇಡ. ಆ ಮನೆಗೇ ಹೋಗ್ಬೇಕು."

ಜನ ಹುಡುಗಿಯ ಕಡೆ ತಿರುಗಲಿಲ್ಲ. ತಿರುಗಿದ್ದರೆ ಒಳ್ಳೆಯದಿತ್ತು. ಎಲ್ಲರೂ ಅವಳಿರುವ ದಿಕ್ಕನ್ನು ಬಿಟ್ಟು ಬೇರೆ ಎಲ್ಲ ಕಡೆ ನೋಡಿದರು. ತಂದಿಲ್ಲದ ಸೋಪು, ಬಾರದ ಫೋನ್, ಕಾನ್ವೆಂಟಿನ ಜೀಪು, ಎಲ್ಲ ಒಂದೇ ಗಳಿಗೆಯಲ್ಲಿ ಜೋಡಣೆಯಾದದ್ದು ನನಗೆ ಕಾಣಿಸುತ್ತಿತ್ತು. ಕೂಗುವವರು ಕೆಮ್ಮಿ, ತಮಾಷೆ ಬಿಟ್ಟು, ತಗ್ಗಿದ ದನಿಯಲ್ಲಿ ಏಲಂ ಮಾಡಿದರು. ಬೆಲೆ ಏರಿತು. ಕಡಸು ಬೇಡವಾದವರೂ ಸವಾಲು ಹಾಕಿದರು. ನನ್ನ ಜನ್ಮದಲ್ಲಿ ಅಂಥ ಮೌನದ ಏಲಂ ನೋಡಿಲ್ಲ.

ಹುಡುಗಿ ಓಡಿಹೋಗಲಿಲ್ಲ. ಕೈಯಲ್ಲಿದ್ದ ತಟ್ಟೆಯ ಚಹಾವನ್ನು ಕೊನೆಯವರೆಗೂ ಹಂಚಿದಳು. ಪ್ರತಿಯೊಬ್ಬರೂ ಲೋಟವನ್ನು ಎರಡು ಕೈಯಿಂದ ತೆಗೆದುಕೊಂಡರು. ಸಕ್ಕರೆಯ ವಿಷಯ ಯಾರೂ ಎತ್ತಲಿಲ್ಲ.

ಕಡಸನ್ನು ಕೊಂಡವರು ರಬ್ಬರ್ ಶೀಟ್ ವ್ಯಾಪಾರಿ, ಒಳ್ಳೆಯ ಮನುಷ್ಯ. ಹಣ ಪೂರ್ತಿ ಕಟ್ಟಿದರು. ಸಂಜೆಗೆ ತಮ್ಮ ಪಿಕಪ್‌ನಲ್ಲಿ ಕಡಸನ್ನು ಹತ್ತಿಸಿ ಚೇಚಿಯ ಮನೆಗೇ ಕಳುಹಿಸಿದರು. "ನಿಮ್ಮಲ್ಲೇ ಇರ್ಲಿ ಅಂತ ಹೇಳಿದ್ರು" ಎಂದು ಡ್ರೈವರ್ ಹಟ್ಟಿಯಲ್ಲಿ ಕಟ್ಟಿ ಹೋದ. ಏಲಂನಲ್ಲಿ ಹೋದ ಕಾಣಿಕೆ ಕೊಟ್ಟವರ ಮನೆಗೆ ವಾಪಸು ಬರುವ ಕ್ರಮ ನಮ್ಮಲ್ಲಿಲ್ಲ. ಸಾವಿನ ಮನೆಗೆ ಯಾವಾಗಲೋ ಒಮ್ಮೆ ಹಾಗೆ ಮಾಡಿದ್ದುಂಟು. ಅವರು ಮಾಡಿದ್ದು ಕರುಣೆಯಿಂದಲೇ. ಆ ಕರುಣೆ ನೆನೆದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ.

ಆಮೇಲೆ ಯಾರೂ ಒಂದು ಕೆಟ್ಟ ಮಾತು ಆಡಲಿಲ್ಲ. ಆಡಿದ್ದರೆ ಹೋಗಿ ಜಗಳವಾಡಬಹುದಿತ್ತು, ಅದು ನನಗೆ ಚೆನ್ನಾಗಿ ಬರುತ್ತದೆ. ಅವರೋ ಮೀನು ಸಾರು ತಂದುಕೊಟ್ಟರು. ಮನೆಗಳಲ್ಲಿ ನಡೆಯುವ ವಾರದ ಪ್ರಾರ್ಥನೆಯಲ್ಲಿ "ನೊಂದ ಸಹೋದರಿಯರಿಗಾಗಿ" ಎಂದು ಸೇರಿಸಿದರು, ಹಾಗೆ ಹೇಳುವಾಗ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡರು. ಅವಳು ಬಂದರೆ ಬೆಂಚಿನಲ್ಲಿ ಜಾಗ ಬಿಟ್ಟು ಸರಿದು ಕೂತರು. ಸುದ್ದಿ ಬೇಲಿಯನ್ನೂ ದಾಟಿತ್ತು. ಕಡಸು ಮತ್ತೊಮ್ಮೆ ಗೌಡರ ಬಸಳೆಗೆ ಹೋಯಿತು. ಮುದುಕರು ಸದ್ದಿಲ್ಲದೆ ಹಗ್ಗ ಹಿಡಿದು ತಂದು ಕಟ್ಟಿ, ಉಳಿದ ಬಸಳೆಯನ್ನು ಕೊಯ್ದು ಜಗಲಿಯಲ್ಲಿ ಇಟ್ಟು, "ಇರ್ಲಿ ಮಗ" ಅಂದು ಹೋದರಂತೆ.

ಆ ದಿನವೇ ಹುಡುಗಿ ಬಟ್ಟೆಚೀಲ ಹಿಡಿದು ಪುತ್ತೂರಿಗೆ ಬಂದಳು. "ಬೈದಿದ್ರೆ ಇರ್ಬಹುದಿತ್ತು ಸಿಸ್ಟರ್" ಅಂದಳು.

ನಾನು ಎಲ್ಲ ಹೇಳಿ ನೋಡಿದೆ. ಜನ ಮರೆಯುತ್ತಾರೆ ಅಂದೆ. ಅವರು ಮರೆಯುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ದೂರದ ಇನ್ನೊಂದು ರಾಜ್ಯದಲ್ಲಿ ನಮ್ಮವರದ್ದೇ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತು. ಹೊರಡುವಾಗ ನನ್ನ ಕೈ ಹಿಡಿದುಕೊಂಡು, "ಯಾಕೆ ಹೋದೆ ಅಂತ ಅಮ್ಮಚ್ಚಿಗೆ ಹೇಳ್ಬೇಡಿ. ಅವರ ಹತ್ರ ಕೊಡ್ಲಿಕ್ಕೆ ಬೇರೆ ಎಂತ ಇತ್ತು?" ಅಂದಳು. ಅಮ್ಮನಿಗೆ ಅವಳು ಹೇಳಿದ್ದು ಕೆಲಸ ಒಳ್ಳೆಯದುಂಟು ಎಂದು ಮಾತ್ರ.

ಮತ್ತೆ ಮಿಷನ್ ಭಾನುವಾರ ಹತ್ತಿರ ಬಂತು. ಒಂದು ಬೆಳಿಗ್ಗೆ ಚೇಚಿ ಕಾಣಿಯೂರಿನ ಮೇಲೆ ಬರುವ ಬಸ್ಸಿನಲ್ಲಿ ನಮ್ಮಲ್ಲಿಗೆ ಬಂದರು. ಚಹಾ ಮುಟ್ಟಲಿಲ್ಲ, ಕುರ್ಚಿಯ ತುದಿಯಲ್ಲೇ ಕೂತರು.

"ಕೊಟ್ಟದ್ದು ವಾಪಸು ಬಂತಲ್ಲ ಸಿಸ್ಟರ್" ಅಂದರು. "ದೇವರಿಗೆ ಹಿಡಿಸ್ಲಿಲ್ಲ. ಅದಕ್ಕೇ ಅವಳನ್ನು ಪುನಃ ದೂರ ಕಳಿಸಿದ್ದು. ಈಗ ಅದಕ್ಕೆ ಗಬ್ಬ ಉಂಟು. ಈ ಸಲ ಕೊಟ್ರೆ ಎರಡು ಜೀವ ಕೊಟ್ಟ ಹಾಗೆ ಆಗ್ತದೆ. ಆಗ ಬರ್ತಾಳಲ್ವಾ?"

ವರ್ಷವಿಡೀ ಅವರು ಒಬ್ಬರೇ ಕೂತು ಕಟ್ಟಿದ ಲೆಕ್ಕ ಇದು. ಸರಿಯಾದ ಲೆಕ್ಕ ಹೇಳಿದರೆ ಆ ತಾಯಿಯ ಜೀವ ಅಲ್ಲೇ ಮುರಿಯುತ್ತಿತ್ತು. "ದೇವರಿಗೆ ಹಿಡಿಸಿದೆ ಚೇಚಿ" ಅಂದೆ. "ವಾಪಸು ಕಳಿಸಿದವರಿಗೆ ಕ್ರಮ ಗೊತ್ತಿರ್ಲಿಲ್ಲ, ಅಷ್ಟೆ. ಈ ಸಲ ಕೊಂಡುಹೋಗ್ಬೇಡಿ. ಅವಳು ಹೋದದ್ದು ಕೆಲಸ ಒಳ್ಳೆದುಂಟು ಅಂತ."

ಚೇಚಿ ನನ್ನ ಮುಖವನ್ನೇ ನೋಡಿದರು. "ಮೊದಲ ಸಲ ಹೋಗುವಾಗ್ಲೂ ಹೀಗೇ ಹೇಳಿದ್ದು ಸಿಸ್ಟರ್" ಅಂದರು.

ನಾನು ಫೋನ್ ತೆಗೆದು ಅಲ್ಲೇ ಹುಡುಗಿಗೆ ಕರೆ ಮಾಡಿ, ಸ್ಪೀಕರ್ ಹಾಕಿ ಅವರ ಕೈಗೆ ಕೊಟ್ಟೆ. ಅವರು ಅದನ್ನು ಎರಡು ಕೈಯಲ್ಲೂ ಹಿಡಿದುಕೊಂಡರು. ಊಟ ಆಯ್ತಾ, ಮಳೆ ಉಂಟಾ, ದನ ಹೇಗುಂಟು, ಎಲ್ಲ ಆಯಿತು. ಆಮೇಲೆ ಚೇಚಿ ದನಿ ತಗ್ಗಿಸಿ, ಒಳಗೆ ಹಿಡಿದಿಟ್ಟುಕೊಂಡಿದ್ದದ್ದನ್ನು ಕೇಳಿದರು.

"ಅಲ್ಲಿ ನಿನ್ನನ್ನು ಸರಿ ನೋಡ್ತಾರಾ ಮಗಳೇ? ಯಾರೂ ಎಂತದೂ ಹೇಳುದಿಲ್ಲ ಅಲ್ವಾ?"

"ಬೈತಾರೆ ಅಮ್ಮಚ್ಚಿ" ಎಂದಳು ಹುಡುಗಿ. "ಉಪ್ಪು ಜಾಸ್ತಿ ಆದ್ರೆ ಬೈತಾರೆ, ಅನ್ನ ಅಡಿಹಿಡಿದ್ರೆ ಬೈತಾರೆ. ದಿನಾ ಬೈತಾರೆ." ಬೇಲಿಯ ಹತ್ತಿರ ಬೈಗುಳ ತಿಂದ ದಿನ ಕೇಳಿದ್ದ ಅದೇ ನಗು ಫೋನಿನಲ್ಲಿ ಇತ್ತು.

ಆ ನಗು ಏನೆಂದು ಕೋಣೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಮಗಳಿಗೆ ಬೈಯುತ್ತಾರೆಂದು ಚೇಚಿಯ ಕಣ್ಣಿಂದ ನೀರು ಇಳಿಯುತ್ತಿತ್ತು. ಬಿಡಿಸಿ ಹೇಳಲು ಹೋದರೆ ಕಡಸಿನಿಂದಲೇ ಶುರುಮಾಡಬೇಕು. ಬಾಯಿ ಮುಚ್ಚಿಕೊಂಡು ಅವರನ್ನು ಬಸ್‌ಸ್ಟ್ಯಾಂಡಿಗೆ ಕರೆದುಕೊಂಡು ಹೋದೆ, ಕಿಟಕಿಯ ಪಕ್ಕ ಕೂರಿಸಿದೆ. ಬಸ್ಸು ಹೊರಡುವಾಗ ಅವರು ಕಂಬಿಯ ನಡುವಿನಿಂದ ನನ್ನ ಕೈ ಹಿಡಿದರು.

"ದಿನಾ ಬೈತಾರಂತೆ ಸಿಸ್ಟರ್" ಅಂದರು. "ಇಲ್ಲಿ ಅವಳಿಗೆ ಒಬ್ಬರೂ ಒಂದು ಮಾತು ಹೇಳ್ತಾ ಇರ್ಲಿಲ್ಲ."